ಏಜೆನ್ಸಿಯವರೋ, ಪರಿಚಯದವರೋ: ಅಮ್ಮನ ಆರೈಕೆಯಲ್ಲಿ ಕಂಡ ವ್ಯತ್ಯಾಸ

ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ತಪ್ಪಿ, ಮಾತೂ ನಿಂತುಹೋಗಿದ್ದ ನಮ್ಮ ತಾಯಿಯವರು ಆಸ್ಪತ್ರೆಯಿಂದ ಮೈಸೂರಿನ ಕುವೆಂಪುನಗರದ ಮನೆಗೆ ಬಂದಾಗ ಮೂಗಿನಲ್ಲಿ ಆಹಾರದ ನಳಿಕೆಯೂ ಮೂತ್ರಕ್ಕೆ ಕ್ಯಾಥೆಟರೂ ಇದ್ದವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ ನಮ್ಮದು. ಮೊದಲು ಏಜೆನ್ಸಿಯಿಂದ, ಆಮೇಲೆ ಪರಿಚಯದವರ ಮೂಲಕ ನೇರವಾಗಿ, ಹೀಗೆ ಎರಡು ಬಗೆಯಲ್ಲೂ ಆರೈಕೆಯವರನ್ನು ಇಟ್ಟುಕೊಂಡು ನೋಡಿದ್ದೇವೆ.

ಏಜೆನ್ಸಿಯ ಬಲವಿರುವುದು ವೇಗದಲ್ಲಿ. ಫೋನ್ ಮಾಡಿದ ಮರುದಿನವೇ ಒಬ್ಬ ಯುವತಿ ಬಂದರು. ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ ಎಲ್ಲವನ್ನೂ ಏಜೆನ್ಸಿಯೇ ನೋಡಿಕೊಂಡಿತ್ತು. ಆಕೆ ಊರಿಗೆ ಹೋದಾಗ ಬದಲಿಯವರೂ ತಪ್ಪದೆ ಬರುತ್ತಿದ್ದರು. ಆದರೆ ಒಪ್ಪಂದದಲ್ಲಿ ‘ಹೋಮ್ ನರ್ಸ್’ ಎಂದು ಬರೆದಿದ್ದರೂ ಬಂದವರಲ್ಲಿ ಯಾರೂ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆಗಲಿ ಬಿ.ಎಸ್ಸಿ. ನರ್ಸಿಂಗ್ ಆಗಲಿ ಓದಿದವರಲ್ಲ. ನಿಜವಾದ ನರ್ಸ್ ಬೇಕಿದ್ದರೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಲೇಬೇಕು.

ನಳಿಕೆಯಲ್ಲಿ ಆಹಾರ ಕೊಡುವಾಗ ರೋಗಿಯ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಕೊಟ್ಟ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಇಲ್ಲವಾದರೆ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಬದಲಿಗೆ ಬಂದ ಒಬ್ಬರು ಅಮ್ಮನನ್ನು ಅಂಗಾತ ಮಲಗಿಸಿಯೇ ಗಂಜಿ ಹಾಕಲು ಹೊರಟಿದ್ದನ್ನು ಕಂಡು ನನ್ನ ಜೀವ ಬಾಯಿಗೆ ಬಂದಿತ್ತು. ಪ್ರತಿ ಬದಲಿಯವರಿಗೂ ನಾವೇ ಮೊದಲಿನಿಂದ ಎಲ್ಲವನ್ನೂ ಹೇಳಿಕೊಡಬೇಕಾಗುತ್ತಿತ್ತು.

ಆಮೇಲೆ ಪರಿಚಯದವರ ಮೂಲಕ ಬಂದವರು ಶ್ರೀರಂಗಪಟ್ಟಣದ ಕಡೆಯ ಹಳ್ಳಿಯವರು. ಮಲಗಿದಲ್ಲೇ ಇದ್ದ ತಮ್ಮ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡ ಅನುಭವ ಬಿಟ್ಟರೆ ಅವರ ಬಳಿ ಬೇರೆ ಪ್ರಮಾಣಪತ್ರವಿರಲಿಲ್ಲ. ನಾವು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದನ್ನು ಅವರಿಗೆ ನೆನಪಿಸಬೇಕಾಗಿರಲಿಲ್ಲ. ಬದಲಿಸುವಾಗಲೆಲ್ಲ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಭುಜ ಇವುಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ಅಮ್ಮನಿಗೆ ಹಾಸಿಗೆ ಹುಣ್ಣು ಆಗಲೇ ಇಲ್ಲ.

ಇದಕ್ಕಿಂತ ಹೆಚ್ಚಿನದು ಮಾತು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಾಕ್ ಚಿಕಿತ್ಸಕರು, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿಸಿ, ಹೌದು ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಸಮಯ ಕೊಡಿ ಎಂದಿದ್ದರು. ಏಜೆನ್ಸಿಯಿಂದ ಬಂದವರಲ್ಲಿ ಕನ್ನಡ ಬಾರದವರೂ ಇದ್ದರು. ಶ್ರಮಜೀವಿಗಳೇ ಆದರೂ ಅವರಿಂದ ಈ ಕೆಲಸ ಸಾಧ್ಯವಿರಲಿಲ್ಲ. ಅಕ್ಕನಾದರೋ ‘ಅವ್ವಾ, ಬಿಸ್ಲು ಬಂತು, ಕಿಟ್ಕಿ ಮುಚ್ಲಾ?’ ಎಂದು ಕೇಳಿ, ಅಮ್ಮ ಕಣ್ಣಾಡಿಸುವವರೆಗೂ ಕಾಯುತ್ತಿದ್ದರು. ಮುಂದೆ ನುಂಗುವ ಶಕ್ತಿಯನ್ನು ಪರೀಕ್ಷಿಸಿ ನಳಿಕೆ ತೆಗೆದಾಗ, ತೆಳು ನೀರಿಗಿಂತ ಗಟ್ಟಿ ಅಂಬಲಿ ಸುರಕ್ಷಿತವೆಂಬ ಸಲಹೆಯಂತೆ ಚಮಚ ಚಮಚವಾಗಿ ಕುಡಿಸಿದವರೂ ಅವರೇ.

ನೇರ ನೇಮಕದ ಕೊರತೆಯೂ ಚಿಕ್ಕದಲ್ಲ. ಮಗಳ ಬಾಣಂತನಕ್ಕೆ ಅವರು ಊರಿಗೆ ಹೋದಾಗ ಬದಲಿಗೆ ಯಾರೂ ಸಿಗದೆ ನಾನೇ ರಜೆ ಹಾಕಬೇಕಾಯಿತು. ಹಗಲೆಲ್ಲ ದುಡಿದವರನ್ನು ರಾತ್ರಿಯೂ ಎರಡು ಗಂಟೆಗೊಮ್ಮೆ ಎಬ್ಬಿಸುವುದು ನ್ಯಾಯವಲ್ಲವಾದ್ದರಿಂದ ರಾತ್ರಿಯ ಪಾಳಿಯನ್ನು ನಾವು ಹಂಚಿಕೊಂಡೆವು. ಕ್ಯಾಥೆಟರ್ ಬದಲಿಸಲು ನೋಂದಾಯಿತ ನರ್ಸ್ ಒಬ್ಬರು ಮನೆಗೆ ಬಂದು ಹೋಗುತ್ತಿದ್ದರು. ನರ್ಸಿನ ಶುಲ್ಕವನ್ನು ಸೇರಿಸಿದರೂ ಒಟ್ಟು ಖರ್ಚು ಏಜೆನ್ಸಿಗೆ ಕೊಡುತ್ತಿದ್ದುದನ್ನು ಮೀರಲಿಲ್ಲ, ಮತ್ತು ಸಂಬಳ ಪೂರ್ತಿಯಾಗಿ ದುಡಿದವರ ಕೈಗೇ ಸೇರಿತು.

ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರಗಳ ಮಟ್ಟಿಗೆ ಮಾತ್ರ ನೆರವು ಬೇಕಾದವರಿಗೆ ಏಜೆನ್ಸಿಯೇ ಸರಿ ಎಂದು ಇಂದಿಗೂ ಹೇಳುತ್ತೇನೆ. ದೀರ್ಘಕಾಲ ಮಲಗಿದವರಿಗೆ, ಅದರಲ್ಲೂ ಮಾತು ಕಳೆದುಕೊಂಡವರಿಗೆ, ಅವರ ಭಾಷೆ ಬಲ್ಲ ಒಬ್ಬರೇ ನಿರಂತರವಾಗಿ ಜೊತೆಗಿದ್ದು, ಚಿಕಿತ್ಸೆಯ ಕೆಲಸಕ್ಕಷ್ಟೇ ನರ್ಸ್ ಬಂದುಹೋಗುವ ಏರ್ಪಾಡನ್ನು ನಾನು ಆರಿಸುತ್ತೇನೆ. ಏಜೆನ್ಸಿಯೇ ಅನಿವಾರ್ಯವಾದವರು, ಬದಲಿಯವರು ಬರುವಾಗ ಹಳಬರು ಒಂದು ದಿನ ಜೊತೆಗಿದ್ದು ಕೆಲಸ ತೋರಿಸಿಕೊಟ್ಟೇ ಹೋಗಬೇಕೆಂಬುದನ್ನು, ಏಜೆನ್ಸಿಗೆ ಕಟ್ಟಿದ ಠೇವಣಿ ಹಿಂತಿರುಗಿಸುವ ಷರತ್ತಿನ ಜೊತೆಯಲ್ಲೇ, ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.