ಯಾರನ್ನೂ ಮುಟ್ಟಗೊಡದ ನಾಯಿ ಸಾಕಿದ್ದೀರಾ? ಇದನ್ನು ಓದಿ

ನಮ್ಮ ಕರಿಯ ಹೋಗಿ ಒಂದು ವರ್ಷವಾಯಿತು. ರಾಟ್‌ವೀಲರ್, ಗಂಡು, ಐದು ವರ್ಷ, 52 ಕೆಜಿ. ಒಂದು ಚೀಲ ಕಾಫಿಗಿಂತ ಎರಡು ಕೆಜಿ ಜಾಸ್ತಿ ಅಂತ ತಮಾಷೆ ಮಾಡುತ್ತಿದ್ದೆವು. ಅವನು ಸತ್ತಿದ್ದು ಹೊಟ್ಟೆಯ ಕಾಯಿಲೆಯಿಂದ. ಆದರೆ ಅದಕ್ಕೆ ದಾರಿ ಮಾಡಿಕೊಟ್ಟವನು ನಾನು.

ನಮ್ಮದು ಕೊಡಗಿನ ನಾಪೋಕ್ಲು ಕಡೆ, ತೋಟದ ಮಧ್ಯೆ ಒಂಟಿ ಮನೆ. ಒಂದು ವರ್ಷ ಕಣದಲ್ಲಿದ್ದ ಕಾಫಿ ಮೂಟೆ ಕಳುವಾಯಿತು. ಮುಂದಿನ ವರ್ಷ ಬಳ್ಳಿಯಲ್ಲಿದ್ದ ಕರಿಮೆಣಸೇ ಮಾಯ. ಹಾಗಾಗಿ ನಾಯಿ ತಂದೆವು. ಮರಿ ಮಾರಿದವರು ಒಂದೇ ಮಾತು ಹೇಳಿ ಕಳಿಸಿದ್ದರು: "ನಿಮ್ಮನ್ನು ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಆಗಲೇ ಅದು ಕಾವಲು ನಾಯಿ ಆಗೋದು." ನಾನು ಚಾಚೂ ತಪ್ಪದೆ ಪಾಲಿಸಿದೆ. ಹೆಂಡತಿ ಗೂಡಿನ ಬಾಗಿಲು ತೆಗೆಯುತ್ತಿದ್ದಳು, ಪಾತ್ರೆ ಒಳಗೆ ತಳ್ಳುತ್ತಿದ್ದಳು, ಅಷ್ಟೇ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಅಣ್ಣ ಹತ್ತು ಅಡಿ ದೂರದಲ್ಲೇ ನಿಲ್ಲುತ್ತಿದ್ದರು. ನೆಂಟರು ಬಂದಾಗ "ನಾನಿಲ್ಲದಿದ್ರೆ ದೇವರು ಬಂದ್ರೂ ಬಿಡಲ್ಲ" ಅಂತ ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ.

ಜುಲೈ ತಿಂಗಳು. ಮೂರು ದಿನದಿಂದ ಕರೆಂಟ್ ಇಲ್ಲ. ನಾನು ಕೆಲಸದ ಮೇಲೆ ಕುಶಾಲನಗರಕ್ಕೆ ಹೋಗಿದ್ದೆ. ಕರಿಯನಿಗೆ ದಿನಕ್ಕೆ ಒಂದೇ ಊಟ, ರಾತ್ರಿ. ದೊಡ್ಡ ಪಾತ್ರೆ ತುಂಬ ಅನ್ನ, ಕೋಳಿ. ಎರಡು ನಿಮಿಷದಲ್ಲಿ ಗಬಗಬ ಮುಗಿಸುತ್ತಿದ್ದ. ಅವತ್ತೂ ಏಳೂವರೆಗೆ ತಿಂದ. ಗೂಡಿನಿಂದ ಬಿಟ್ಟ ಮೇಲೆ ಕಾಡುಹಂದಿ ಸದ್ದಿಗೆ ಬೇಲಿಯುದ್ದಕ್ಕೂ ಅರ್ಧ ಗಂಟೆ ಓಡಿದ.

ಒಂಬತ್ತರ ಹೊತ್ತಿಗೆ ಶುರುವಾಯಿತು. ಕತ್ತು ಚಾಚಿ ವಾಂತಿ ಮಾಡಲು ಒದ್ದಾಡುತ್ತಾನೆ, ಏನೂ ಬರುವುದಿಲ್ಲ. ಬರೀ ಬಿಳಿ ನೊರೆ, ನೂಲಿನ ಹಾಗೆ ಬಾಯಿಂದ ಇಳಿಯುತ್ತದೆ. ಕೂರುತ್ತಾನೆ, ಏಳುತ್ತಾನೆ, ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಾನೆ. ಅಜೀರ್ಣ ಇರಬೇಕು ಅಂತ ಅಮ್ಮ ಓಮದ ನೀರು ಕಾಯಿಸಿದರು. ಕುಡಿಸುವವರು ಯಾರು?

ಇದಕ್ಕೆ ಬ್ಲೋಟ್ ಅನ್ನುತ್ತಾರೆ. ದನಕ್ಕೆ ಬರುವ ಹೊಟ್ಟೆಯುಬ್ಬರ ನಮಗೆಲ್ಲ ಗೊತ್ತಲ್ವಾ, ನಾಯಿಯಲ್ಲಿ ಅದು ಇನ್ನೂ ಕ್ರೂರ. ಜಠರದಲ್ಲಿ ಗಾಳಿ ತುಂಬಿ ಅದು ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ಮೇಲಿನ ದಾರಿಯೂ ಬಂದ್, ಕೆಳಗಿನದೂ ಬಂದ್. ರಕ್ತ ಓಡಾಡುವುದು ನಿಲ್ಲುತ್ತದೆ. ಆಪರೇಷನ್ ಮಾಡಿ ಬಿಡಿಸದಿದ್ದರೆ ಕೆಲವೇ ಗಂಟೆ. ಎದೆಗೂಡು ಆಳ ಇರುವ ದೊಡ್ಡ ಜಾತಿಗಳಿಗೇ ಜಾಸ್ತಿ. ಗ್ರೇಟ್ ಡೇನ್‌ಗೆ ಎಲ್ಲಕ್ಕಿಂತ ಜಾಸ್ತಿ, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗೂ ಬರುತ್ತದೆ. ದಿನಕ್ಕೊಂದೇ ಸಲ ರಾಶಿ ಊಟ, ಗಬಗಬ ತಿನ್ನುವುದು, ವಯಸ್ಸು, ಅಪ್ಪ ಅಮ್ಮನಿಗೋ ಒಡಹುಟ್ಟಿದ ಮರಿಗೋ ಬಂದಿರುವುದು, ಎಲ್ಲವೂ ಅಪಾಯ ಹೆಚ್ಚಿಸುತ್ತವೆ.

ಟವರ್ ಸತ್ತಿತ್ತು. ಹೆಂಡತಿಯ ಫೋನ್ ನನಗೆ ಸಿಕ್ಕಿದ್ದು ಹತ್ತಕ್ಕೆ. ಅಂಗಳದಲ್ಲಿ ಪಿಕಪ್ ನಿಂತಿತ್ತು, ರೈಟರ್ ಅಣ್ಣನಿಗೆ ಡ್ರೈವಿಂಗ್ ಬರುತ್ತದೆ. ಮಡಿಕೇರಿಗೆ ಒಂದು ಗಂಟೆ ದಾರಿಯೂ ಇಲ್ಲ. ಆದರೆ ಹತ್ತಿರ ಹೋದರೆ ಗುರ್ ಅನ್ನುತ್ತಾನೆ. ಅವಳು ಬೆಡ್‌ಶೀಟ್ ಹಿಡಿದು ಹೋದಳು, ಮುಂಗೈಗೆ ಹಲ್ಲು ತಾಗಿತು. ಅಷ್ಟು ನೋವಿನಲ್ಲಿರುವ ನಾಯಿ ಇನ್ನೇನು ಮಾಡುತ್ತೆ? (ಅವನಿಗೆ ರೇಬೀಸ್ ಲಸಿಕೆ ಆಗಿತ್ತು. ಆದರೂ ಅವಳು ಗಾಯ ಸೋಪು ಹಾಕಿ ತೊಳೆದು ಇಂಜೆಕ್ಷನ್ ಹಾಕಿಸಿಕೊಂಡಳು. ನೀವೂ ಅಷ್ಟೇ ಮಾಡಿ.)

ದಾರಿಯಲ್ಲಿ ಮರ ಬಿದ್ದಿತ್ತು. ನಾನು ಮನೆ ಮುಟ್ಟಿದಾಗ ಹನ್ನೆರಡು. ಕರಿಯ ಬಾಲ ಅಲ್ಲಾಡಿಸಿದ. ಹೊಟ್ಟೆ ಮುಟ್ಟಿದರೆ ಬಿಗಿದ ಚರ್ಮದ ಡೋಲು. ವಸಡು ಬೂದಿ ಬಣ್ಣ. ಮಡಿಕೇರಿಯಲ್ಲಿ ಡಾಕ್ಟರು ಪಾಪ ನಿದ್ದೆಯಿಂದೆದ್ದು ಬಂದು ಸೂಜಿ ಚುಚ್ಚಿ ಗಾಳಿ ಬಿಟ್ಟರು, ಡ್ರಿಪ್ ಹಾಕಿದರು. "ಆಪರೇಷನ್ ಇಲ್ಲಿ ಆಗಲ್ಲ, ಮೈಸೂರಿಗೆ ಓಡಿ. ಎರಡು ಗಂಟೆ ಮುಂಚೆ ತಂದಿದ್ರೆ..." ಅಂದು ಅಲ್ಲಿಗೇ ಬಿಟ್ಟರು. 120 ಕಿಲೋಮೀಟರ್. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಿ ಅಂದಾಗ ರಾಟ್‌ವೀಲರ್ ಕೂಡ ಪಟ್ಟಿಯಲ್ಲಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆಗ ಊರೆಲ್ಲ ಮಾತಾಡಿದ್ದು ಈ ನಾಯಿಗಳು ಕಚ್ಚುತ್ತವಾ ಇಲ್ವಾ ಅಂತ. ಕಾಯಿಲೆ ಬಿದ್ದರೆ ಎತ್ತುವವರು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಮರಿ ಇದ್ದಾಗಲೇ ಮನೆಯವರೆಲ್ಲ ಅದರ ಕಿವಿ, ಬಾಯಿ, ಕಾಲು ಮುಟ್ಟಲಿ. ಹೊರಗಿನವರೊಬ್ಬರಿಗಾದರೂ ಪಳಗಲಿ. ಬಾಯಿಕುಕ್ಕೆಯನ್ನು ಅದರೊಳಗೆ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ, ತುರ್ತಿನಲ್ಲಿ ಮೊದಲ ಸಲ ಹಾಕಲು ಹೋದರೆ ಆಗುವುದಿಲ್ಲ. ಇಷ್ಟು ಮಾಡಿದರೆ ಕಾವಲು ಕೆಡುತ್ತದೆ ಅನ್ನುವುದು ಸುಳ್ಳು. ಬೊಗಳುವ ನಾಯಿ ಬೊಗಳಿಯೇ ಬೊಗಳುತ್ತದೆ. ಊಟವನ್ನು ಎರಡು ಮೂರು ಹೊತ್ತಿಗೆ ಹಂಚಿ, ತಿಂದ ಮೇಲೆ ಒಂದು ಗಂಟೆಯಾದರೂ ಓಡಿಸಬೇಡಿ. ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ತಿರುಚದ ಹಾಗೆ ಮಾಡುವ ಆಪರೇಷನ್ ಇದೆ, ಸಂತಾನಹರಣದ ಜೊತೆಗೇ ಮಾಡಿಸಬಹುದು. ನಿಮ್ಮ ಡಾಕ್ಟರನ್ನು ಕೇಳಿ.

ಮೈಸೂರಿನಲ್ಲಿ ರಾತ್ರಿ ಆಪರೇಷನ್ ಮಾಡುವವರು ಯಾರು ಅಂತ ನಾನು ಹುಡುಕಿದ್ದು ಪಿಕಪ್‌ನಲ್ಲಿ ಕೂತು, ನೆಟ್‌ವರ್ಕ್ ಬಂದು ಹೋಗುವಾಗ. ನೀವು ಇವತ್ತೇ ವಿಚಾರಿಸಿ. ನಂಬರನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ನಿಮ್ಮ ಫೋನಿನಲ್ಲಿದ್ದರೆ ಸಾಲದು. ಅವತ್ತು ಮನೆಯಲ್ಲಿ ಇದ್ದದ್ದು ನಾನಲ್ಲ.