ಬಣ್ಣ ಹೊಡೆದ ಎಂಜಿಬಿಗಿಂತ ಬಣ್ಣವಿಲ್ಲದ ಸ್ಪಿಟ್‌ಫೈರ್ ಮೇಲು

ಬೇರೆಯವರು ಅರ್ಧಕ್ಕೆ ಕೈಬಿಟ್ಟ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ನಾನು ಎರಡು ಬಾರಿ ಕೊಂಡಿದ್ದೇನೆ. ಮೊದಲನೆಯದಾದ 1969ರ ಎಂಜಿಬಿಯನ್ನು ನಷ್ಟಕ್ಕೆ ಮಾರಿದೆ. ಎರಡನೆಯದಾದ 1965ರ ಟ್ರಯಂಫ್ ಸ್ಪಿಟ್‌ಫೈರ್ ಪೊನ್ನಂಪೇಟೆಯ ನಮ್ಮ ಕಾಫಿ ಗೋದಾಮಿನ ಮೂಲೆಯಲ್ಲಿದೆ. ಅದನ್ನು ಯಾರಿಗೂ ಕೊಡುವವನಲ್ಲ.

ಎಂಜಿಬಿಯ ಹಿಂದಿನ ಮಾಲೀಕರು ಬಾಡಿ ಕೆಲಸ ಮುಗಿಸಿ, ಕಡುಹಸಿರು ಬಣ್ಣ ಹೊಡೆಸಿ, ಎಂಜಿನ್ ಬಿಚ್ಚಿದಲ್ಲಿಗೆ ನಿಲ್ಲಿಸಿದ್ದರು. ಸ್ಪಿಟ್‌ಫೈರ್ ಇದಕ್ಕೆ ತದ್ವಿರುದ್ಧವಾಗಿತ್ತು: ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಸಿದ್ಧವಿದ್ದರೂ ಬಾಡಿ ಮಾತ್ರ ಪ್ರೈಮರ್ ಕೂಡ ಕಾಣದ ಬರಿಯ ತಗಡು. ನೋಡಲು ಹೋದ ಯಾರಿಗೂ ಮೊದಲನೆಯದೇ ಹಿಡಿಸುತ್ತದೆ, ನನಗೂ ಹಿಡಿಸಿತ್ತು.

ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಚೌಕಟ್ಟು, ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಎಂಬ ಪೊಳ್ಳು ತೊಲೆಗಳೇ ಆ ತೆರೆದ ಕಾರಿನ ನಡುವನ್ನು ಹೊರುತ್ತವೆ. ತುಕ್ಕು ಹಿಡಿದ ಸಿಲ್ಲನ್ನು ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಕೊಟ್ಟು ಬಿಗಿಮಾಡಬೇಕು. ಇಲ್ಲದಿದ್ದರೆ ನಡು ಜಗ್ಗಿ, ಜಗ್ಗಿದ ಸ್ಥಿತಿಯಲ್ಲೇ ಹೊಸ ಸಿಲ್ ಬೆಸುಗೆಯಾಗಿ ಕೂರುತ್ತದೆ.

ನಾನು ನೋಡಲು ಹೋದ ದಿನ ಕಾರು ಸ್ಟ್ಯಾಂಡುಗಳ ಮೇಲಿತ್ತು, ಸ್ಟ್ಯಾಂಡುಗಳು ನಡುಭಾಗಕ್ಕೇ ಕೊಟ್ಟಿದ್ದವು. ಬಾಗಿಲು ಬೆಣ್ಣೆಯಂತೆ ಮುಚ್ಚಿತು. ಮನೆಗೆ ತಂದು ಚಕ್ರದ ಮೇಲೆ ಇಳಿಸಿದಾಗ ಅದೇ ಬಾಗಿಲು ಮುಚ್ಚಲಿಲ್ಲ: ಕೆಳಗಿನ ಸಂದಿಯಲ್ಲಿ ಬೆರಳು ಹೋಗುತ್ತಿತ್ತು, ಮೇಲಿನ ಸಂದಿಯಲ್ಲಿ ಪೋಸ್ಟ್ ಕಾರ್ಡೂ ಹೋಗುತ್ತಿರಲಿಲ್ಲ. ಒತ್ತಿ ಹಾಕಿದಾಗ ಹಿಂದಿನ ಮಡ್ಗಾರ್ಡಿನ ಅಂಚಿನಿಂದ ಹೊಸ ಬಣ್ಣ ಅಕ್ಕಿಕಾಳಿನಷ್ಟು ಎದ್ದು ಬಂತು. ಜಾಕ್ ಕೊಟ್ಟು ನಡುವನ್ನು ಎತ್ತಿದರೆ ಮತ್ತೆ ಬೆಣ್ಣೆ. ಗೋಣಿಕೊಪ್ಪದಿಂದ ಬಂದ ವೆಲ್ಡರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿಯಲ್ಲಿ ಪಳಗಿದ ಕೈ, ಎರಡು ಸಲ ಕೂತು ಎದ್ದು ನೋಡಿ, “ಸಾರ್, ಸಿಲ್ ವಾಪಸ್ ಬಿಚ್ಚಬೇಕು, ಪೇಂಟ್ ಉಳಿಯಲ್ಲ” ಎಂದರು. ಬಣ್ಣಕ್ಕೆಂದೇ ಹೆಚ್ಚು ಹಣ ಕೊಟ್ಟು ತಂದಿದ್ದ ನಾನು ಅದನ್ನು ಕೆಡಿಸಲು ಮತ್ತೆ ಹಣ ಕೊಡಬೇಕಾಗಿತ್ತು.

ಸ್ಪಿಟ್‌ಫೈರ್‌ಗೆ ಬೆನ್ನುಮೂಳೆಯಂತಹ ಪ್ರತ್ಯೇಕ ಚಾಸಿ ಇದ್ದರೂ ಅದರ ಸಿಲ್ಲುಗಳೂ ಭಾರ ಹೊರುವಂಥವೇ ಆದ್ದರಿಂದ, ಈ ಕಾಯಿಲೆ ಅದಕ್ಕೆ ಬರುವುದೇ ಇಲ್ಲ ಎನ್ನಲಾಗದು. ಆದರೆ ಬರಿಯ ತಗಡಿನ ಮೇಲೆ ಪ್ರತಿಯೊಂದು ಬೆಸುಗೆಯೂ ಕಾಣುತ್ತಿತ್ತು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟೊಳ್ಳು ಎಲ್ಲಿ ಎಂಬುದು ಕೇಳುತ್ತಿತ್ತು. ಅಡ್ಡಪಟ್ಟಿ ಕೊಟ್ಟು, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ ಎಂದು ನಿಧಾನವಾಗಿ ಮಾಡಿಸಿದೆ. ಮಡ್ಗಾರ್ಡುಗಳ ಸಮೇತ ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮುಂದಿನ ಟೈರಿನ ಮೇಲೆ ಕುಳಿತೇ ಕಾರ್ಬ್ಯುರೇಟರ್ ಹೊಂದಿಸಬಹುದು. ಸೊಂಟ ನೋವಿರುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡಕ್ಕೂ ನಮ್ಮ ದೇಶದಲ್ಲಿ ನೆಂಟರಿದ್ದಾರೆ. ಎಂಜಿಬಿಯ 1798 ಸಿಸಿ ಎಂಜಿನ್ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ವಂಶದ್ದು, ಸ್ಪಿಟ್‌ಫೈರ್ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ದಾಯಾದಿ.

ಓಡಿಸುವ ಸುಖದಲ್ಲಿ ಎಂಜಿಬಿಯೇ ಮುಂದು. ಸಂಪಾಜೆ ಘಾಟಿಯ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ 1965ರ ಸ್ಪಿಟ್‌ಫೈರ್‌ನ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳಲು ನೋಡುತ್ತದೆ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅಂಥ ಕಾರನ್ನು ನಿತ್ಯ ಓಡಿಸುವಂತಿಲ್ಲ. ಭಾನುವಾರದ ಸಂತೆಗೂ ಅದರಲ್ಲೇ ಹೋಗುವ ನನಗೆ ಇದು ಒಗ್ಗದ ಕಾರಣ ಹಳೆಯ ಆರ್‌ಸಿಯನ್ನೇ ನವೀಕರಿಸಿಕೊಂಡೆ.

ಕೈಯಲ್ಲಿ ಒಟ್ಟಿಗೆ ಹಣವಿದ್ದು, ಬೆಂಗಳೂರಿಗೆ ಆಗಾಗ ಓಡಿಸುವವರು ಎಂಜಿಬಿಯನ್ನು ಕೊಳ್ಳಲಿ, ಆದರೆ ಕಾರನ್ನು ಚಕ್ರದ ಮೇಲೆ ಇಳಿಸಿಯೇ ಬಾಗಿಲು ತೆರೆದು ನೋಡಲಿ. ನನ್ನ ಹಣ ಬರುವುದು ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ಮೇಲೆ. ಕೂಲಿ ಮತ್ತು ಗೊಬ್ಬರಕ್ಕೆ ಹೋಗಿ ಉಳಿದದ್ದರಲ್ಲಿ ಒಂದೊಂದು ತಗಡು ಹಾಕಿಸುವವನಿಗೆ ಸ್ಪಿಟ್‌ಫೈರ್ ಸರಿಹೊಂದುತ್ತದೆ. ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳ ಮಳೆಯಲ್ಲಿ ಬರಿಯ ತಗಡು ಒಂದೇ ರಾತ್ರಿಗೆ ಕೆಂಪಾಗುವುದರಿಂದ ಪ್ರೈಮರನ್ನು ಮಾತ್ರ ಜೂನ್‌ಗೆ ಮೊದಲೇ ಹೊಡೆಸಿದ್ದೇನೆ. ಬಣ್ಣ ಮುಂದಿನ ಕುಯ್ಲಿಗೆ.