ವಿಡಿಯೊ ಕಲಿಯುವ ಮಗಳಿಗಾಗಿ ಕೊಂಡ 1 ಟಿಬಿ ಎಸ್‌ಎಸ್‌ಡಿ

ನನ್ನ ಮಗಳು ಮೈಸೂರಿನಲ್ಲಿ ವಿದ್ಯುನ್ಮಾನ ಮಾಧ್ಯಮ ಓದುತ್ತಿದ್ದು, ಮಂಡ್ಯದಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಾಳೆ. ಕಳೆದ ದಸರೆಯಲ್ಲಿ ಅವಳೂ ಗೆಳತಿಯರೂ ಸೇರಿ ಜಂಬೂಸವಾರಿಯನ್ನೂ ಅಂದಿನ ಸಂಜೆ ಬನ್ನಿಮಂಟಪದ ಪಂಜಿನ ಕವಾಯತನ್ನೂ ಚಿತ್ರೀಕರಿಸಿದರು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಾಗುವ 4ಕೆ ವಿಡಿಯೊ ಗಂಟೆಗೆ 45 ಜಿಬಿ ಜಾಗ ಹಿಡಿಯುವುದರಿಂದ, ನಾಲ್ಕು ಗಂಟೆಯ ದೃಶ್ಯಗಳು 180 ಜಿಬಿ ಆದವು; ಲ್ಯಾಪ್‌ಟಾಪಿನಲ್ಲಿ ಅದರ ಅರ್ಧದಷ್ಟೂ ಜಾಗವಿರಲಿಲ್ಲ.

ಅವಳ ಹಳೆಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಕಾಪಿ ಆಗುತ್ತಿರುವಾಗ ಮೇಜಿನಿಂದ ಬಿದ್ದ ಅದು ಆಮೇಲೆ ಟಿಕ್ ಟಿಕ್ ಎಂದು ಸದ್ದು ಮಾಡಿತೇ ಹೊರತು ತೆರೆದುಕೊಳ್ಳಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ನಡೆಯುತ್ತಿರುವಾಗ ಪೆಟ್ಟು ಬಿದ್ದರೆ ಅದು ತಟ್ಟೆಗೇ ತಗಲುತ್ತದೆ. ಮೊದಲ ವರ್ಷದ ಕೆಲಸವೆಲ್ಲ ಹೋದ ಆ ರಾತ್ರಿ ಅವಳು ಊಟ ಮಾಡಲಿಲ್ಲ.

ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿನ ಹುಡುಗ ಬೆಲೆ ಹೇಳುವ ಮೊದಲೇ, "ಎಡಿಟಿಂಗ್ ಇದರಲ್ಲೇ ಮಾಡ್ತಾರಾ ಸಾರ್, ಇಲ್ಲ ಬರೀ ತುಂಬಿಡೋಕಾ?" ಎಂದು ಕೇಳಿದ. ಆಯ್ಕೆಯೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ ಎಂಬುದು ನನಗೆ ಈಗ ಖಚಿತವಾಗಿದೆ.

ನಾವು ತಂದದ್ದು ಸ್ಯಾಮ್‌ಸಂಗ್ ಟಿ7 ಎಂಬ 1 ಟಿಬಿಯ ಎಸ್‌ಎಸ್‌ಡಿ, ಅಂದರೆ ತಟ್ಟೆಯ ಬದಲು ಚಿಪ್‌ಗಳಲ್ಲಿ ಫೈಲ್ ಉಳಿಸುವ ಪುಟ್ಟ ಡಿಸ್ಕ್. ವಿಂಡೋಸ್‌ನಲ್ಲಿ ಅದು 931 ಜಿಬಿ ಎಂದು ಕಾಣುವುದು ಲೆಕ್ಕ ಹಾಕುವ ಕ್ರಮದ ವ್ಯತ್ಯಾಸವಷ್ಟೆ. ತೂಕ 58 ಗ್ರಾಂ. ಒಳಗೆ ತಿರುಗುವ ಭಾಗಗಳೇ ಇಲ್ಲದ ಕಾರಣ, ರೈಲಿನ ಕುಲುಕಾಟದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದರೂ ಮೊದಲಿನ ಭಯವಿಲ್ಲ. ಕಂಪನಿ ಹೇಳುವ ಓದುವ ವೇಗ ಸೆಕೆಂಡಿಗೆ 1,050 ಎಂಬಿ. ನಮ್ಮ ಲ್ಯಾಪ್‌ಟಾಪಿನ ಪೋರ್ಟ್ 5 ಗಿಗಾಬಿಟ್‌ನದಾದ್ದರಿಂದ ನಮಗೆ ಸಿಗುವುದು 420ರ ಆಸುಪಾಸು. ಮೊದಲ ದಿನ ಮಗಳು ಮೊಬೈಲ್ ಚಾರ್ಜರಿನ ಕೇಬಲ್ ಚುಚ್ಚಿದ್ದಳು, ವೇಗ 40ನ್ನು ದಾಟಲೇ ಇಲ್ಲ. ಅಂಥ ಹಲವು ಕೇಬಲ್‌ಗಳು ಹಳೆಯ, ನಿಧಾನದ ಯುಎಸ್‌ಬಿ 2.0 ಮಟ್ಟದವು, ಪೆಟ್ಟಿಗೆಯಲ್ಲಿ ಬಂದ ಕೇಬಲನ್ನೇ ಬಳಸಬೇಕು.

ಆದರೆ ಕ್ಯಾಮೆರಾದ ಕಾರ್ಡಿನಿಂದ ಕಾಪಿ ಮಾಡುವಾಗ ಈ ವೇಗದಿಂದ ಹೆಚ್ಚು ಪ್ರಯೋಜನವಿಲ್ಲ. ಅವಳ ಕಾರ್ಡ್ ಕೊಡುವುದೇ ಸೆಕೆಂಡಿಗೆ 90 ಎಂಬಿ. 180 ಜಿಬಿ ಇಳಿಸಲು ಎಸ್‌ಎಸ್‌ಡಿ ಆದರೂ ಅರ್ಧ ಗಂಟೆಗಿಂತ ಹೆಚ್ಚು ಬೇಕು, ಹಾರ್ಡ್ ಡಿಸ್ಕ್ ಆದರೂ ಬಹುತೇಕ ಅಷ್ಟೇ. ವ್ಯತ್ಯಾಸ ತಿಳಿಯುವುದು ಎಡಿಟಿಂಗ್‌ಗೆ ಕೂತಾಗ. ಅಂಬಾರಿ ಹೊತ್ತ ಆನೆಯನ್ನು ಮೂರು ಕ್ಯಾಮೆರಾಗಳಿಂದ ತೆಗೆದ ದೃಶ್ಯಗಳನ್ನು ಒಂದೇ ಟೈಮ್‌ಲೈನಿನಲ್ಲಿಟ್ಟು ಹಿಂದೆ ಮುಂದೆ ಎಳೆದಾಗ ಚಿತ್ರ ತಡವರಿಸುವುದಿಲ್ಲ. ಬರೀ ತುಂಬಿಡುವವರು ಅದೇ ಹಣಕ್ಕೆ ಹೆಚ್ಚು ಜಾಗ ಕೊಡುವ ಹಾರ್ಡ್ ಡಿಸ್ಕ್ ಕೊಳ್ಳುವುದೇ ಸರಿ.

ಕಾಲೇಜಿನಲ್ಲಿ ಮ್ಯಾಕ್, ಮನೆಯಲ್ಲಿ ವಿಂಡೋಸ್ ಇರುವವರು ಡಿಸ್ಕನ್ನು ಎರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಮಾದರಿಯಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ವಿಂಡೋಸ್‌ನದೇ ಆದ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದಕ್ಕೆ ಬರೆಯುವುದಿಲ್ಲ. ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಜಿಬಿ ಮೀರಿದ ಫೈಲ್ ನಿಲ್ಲುವುದಿಲ್ಲ. ಎಕ್ಸ್‌ಫ್ಯಾಟ್ ಡಿಸ್ಕನ್ನು ಇಜೆಕ್ಟ್ ಮಾಡದೆ ಕಿತ್ತರೆ ಫೈಲ್ ಕೆಡುವ ಸಂಭವ ಹೆಚ್ಚು ಎಂಬುದನ್ನೂ ಮರೆಯಬಾರದು.

ಎಸ್‌ಎಸ್‌ಡಿಯೊಂದನ್ನೇ ನಾನು ನಂಬಿ ಕೂತಿಲ್ಲ. ಮನೆಯ ಬೀರುವಿನಲ್ಲಿ 2 ಟಿಬಿಯ ಹಾರ್ಡ್ ಡಿಸ್ಕ್ ಒಂದಿದೆ. ಭಾನುವಾರ ಅದಕ್ಕೂ ಎಲ್ಲವನ್ನೂ ಕಾಪಿ ಮಾಡಿ, ಎರಡೂ ಕಡೆ ಫೈಲ್‌ಗಳು ತೆರೆದುಕೊಳ್ಳುವುದನ್ನು ನೋಡಿದ ಮೇಲೆಯೇ ಮಗಳು ಕ್ಯಾಮೆರಾದ ಕಾರ್ಡನ್ನು ಅಳಿಸುತ್ತಾಳೆ.